ಗುಡುಗಪ್ಪನ ಹಲ್ಲು

ಗುಡುಗಪ್ಪನ ಹೆಂಡತಿ ಅಂಗಡಿಯ ಬಾಗಿಲು ದೂಡಿಕೊಂಡು ಒಳಗೆ ಬಂದಾಗ ಹಲ್ಲಕ್ಕ ಮೇಣ ಕಾಯಿಸುತ್ತಿದ್ದಳು. ತಲೆಯೆತ್ತಿ ಯಾರೆಂದು ನೋಡಿದಳು. ನೋಡಿಯೂ ಬಾ ಎನ್ನಲಿಲ್ಲ, ಕೂತುಕೋ ಎನ್ನಲಿಲ್ಲ.

ಹಲ್ಲಕ್ಕನ ಕಸುಬು ಕಟ್ಟುಹಲ್ಲು ಮಾಡುವುದು. ಬಟ್ಟೆ ಗಿರಣಿಯ ಹಿಂದಿನ ಬೀದಿಯಲ್ಲಿ ಅವಳದೊಂದು ಕೋಣೆ. ಒರಗು ಕುರ್ಚಿ, ಕಿಟಕಿಯ ಕೆಳಗೆ ತೊಟ್ಟಿ, ಗೋಡೆಯುದ್ದಕ್ಕೂ ಹಲಗೆಯ ಮೇಲೆ ಊರಿನ ಅರ್ಧ ಜನರ ಒಸಡಿನ ಅಚ್ಚುಗಳು. ಉಳಿದರ್ಧ ಜನ ಅವಳ ಹೊಸ್ತಿಲು ತುಳಿಯುತ್ತಿರಲಿಲ್ಲ. ಗಿರಣಿಯಲ್ಲಿ ಮುಷ್ಕರವಾದಾಗ ಕೆಲವರು ಕೊನೆಯವರೆಗೂ ಗೇಟಿನ ಹೊರಗೆ ನಿಂತರು, ಕೆಲವರು ನಡುವೆಯೇ ಒಳಗೆ ಹೋದರು. ಮುಷ್ಕರ ಮುಗಿದು ಎಷ್ಟೋ ವರ್ಷವಾಗಿತ್ತು. ಹೊರಗಿನವರು, ಒಳಗಿನವರು ಎಂಬುದು ಮಾತ್ರ ಮುಗಿದಿರಲಿಲ್ಲ. ಚರ್ಚಿನಲ್ಲೂ ಹೊರಗಿನವರು ಬೆಳಗಿನ ಆರಾಧನೆಗೆ ಬಂದರೆ ಒಳಗಿನವರು ಎರಡನೆಯದಕ್ಕೆ ಬರುತ್ತಿದ್ದರು. ಶಿಲುಬೆ ಒಂದೇ, ಪಾಸ್ಟರ್ ಒಬ್ಬರೇ, ಹಾಡುಗಳೂ ಅವೇ. ಅಡುಗೆಕೋಣೆಯಲ್ಲಿ ಸಕ್ಕರೆ ಡಬ್ಬಿ ಮಾತ್ರ ಎರಡು. ಕ್ರಿಸ್ತನ ಪ್ರೀತಿ ಇವರಲ್ಲಿ ಸಕ್ಕರೆ ಡಬ್ಬಿಯವರೆಗೂ ಇಳಿದಿಲ್ಲ ಎಂದು ಹಲ್ಲಕ್ಕ ಎರಡೂ ಕಡೆಯವರನ್ನು ಸೇರಿಸಿಯೇ ತಾತ್ಸಾರ ಮಾಡುತ್ತಿದ್ದಳು.

ಅವಳ ಗಂಡ ಒಳಗೆ ಹೋದವನು. ಮರುವರ್ಷ ಎದೆರೋಗದಲ್ಲಿ ತೀರಿಕೊಂಡ. ಮಣ್ಣಿನ ದಿನ ಹೊರಗಿನವರ ಮುಖಂಡ, ಗಂಟಲಿನಿಂದಲೇ ಹೆಸರು ಪಡೆದ ಗುಡುಗಪ್ಪ, ಚರ್ಚಿನ ಗೇಟಿಗೆ ಬೆನ್ನು ಕೊಟ್ಟು ನಿಂತು, "ದ್ರೋಹಿ ಹೆಣಕ್ಕೆ ಹೆಗಲು ಕೊಡೋ ಗಂಡಸು ಯಾರು? ಬನ್ನಿ, ಮುಖ ನೋಡ್ಕೋತೀನಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಹೊರಗಿನವರು ಅವನ ಸುತ್ತ ನಿಂತರು. ಒಳಗಿನವರು ತಂತಮ್ಮ ಮನೆಯ ಪರದೆ ಸರಿಸಿ ಇಣುಕಿದರು. ಕೊನೆಗೆ ಶವಪೆಟ್ಟಿಗೆ ಹೊತ್ತದ್ದು ಪಾಸ್ಟರ್, ಗುಂಡಿ ತೋಡುವ ಮುದುಕ, ಹಲ್ಲಕ್ಕ ಮತ್ತು ಅವಳ ತಂಗಿ.

ಆ ಗುಡುಗಪ್ಪನ ಹೆಂಡತಿ ಈಗ ಕೈಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ನಮ್ಮನೆಯವರ ಹಲ್ಲೆಲ್ಲ ಕೀಳಿಸಿದ್ದಾಯ್ತು. ಬೇರೆ ಕಡೆ ಕಟ್ಟಿಸಿದ್ದು ಬಾಯಲ್ಲಿ ನಿಲ್ತಾನೇ ಇಲ್ಲ. ಬರೀ ನೀರುನೀರಾದದ್ದು ಕುಡೀತಾರೆ. ಮೊಮ್ಮಕ್ಕಳ ಎದುರು ಊಟಕ್ಕೂ ಕೂರಲ್ಲ. ಮೈ ಇಳಿದು ಹೋಗಿದೆ."

"ಅವನೇ ಕಳಿಸಿದನಾ?"

"ಅಯ್ಯೋ, ನಾನು ಬಂದದ್ದು ಗೊತ್ತಾದ್ರೆ ಮನೆ ಸೂರು ಹಾರಿಹೋಗೋ ಹಾಗೆ ಬೈತಾರೆ."

"ಹಲ್ಲಿಲ್ಲದೆ ಹ್ಯಾಗೆ ಬೈತಾನೆ?"

ಹೆಂಗಸಿಗೆ ನಗು ಉಕ್ಕಿತು. ಮಾಡಬಾರದ್ದು ಮಾಡಿದವಳಂತೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಕರ್ಕೊಂಡು ಬಾ," ಎಂದಳು ಹಲ್ಲಕ್ಕ. "ಅವನೇ ಬಂದು ಈ ಕುರ್ಚಿಯಲ್ಲಿ ಕೂರಬೇಕು. ನಾನೇನು ಅವನ ಮನೆಗೆ ಬರಲ್ಲ."

ಸುದ್ದಿ ಪಾಸ್ಟರ್ ಕಿವಿಗೆ ಬಿತ್ತು. ಆಗ ಅವರು ಸಾಮರಸ್ಯದ ಭಾನುವಾರ ಎಂದೊಂದನ್ನು ನಡೆಸುವ ಹುರುಪಿನಲ್ಲಿದ್ದರು. ಎರಡೂ ಕಡೆಯವರು ಒಟ್ಟಿಗೆ ಕೂರುವುದು, ಎದೆಗೆ ಬಿಳಿ ರಿಬ್ಬನ್, ಅಪ್ಪಿಕೊಳ್ಳುವುದು, ಫೋಟೋ. ಕಣ್ಣರಳಿಸಿಕೊಂಡೇ ಅಂಗಡಿಗೆ ಬಂದರು.

"ದೇವರ ಪ್ರೀತಿಗೆ ಎಂಥಾ ಸಾಕ್ಷಿ! ನೀವು ವೇದಿಕೆ ಮೇಲೆ ಅವರ ಕೈ ಹಿಡಿದು ನಿಂತ್ರೆ ಸಾಕು, ಇಡೀ ಸಭೆ ಕರಗಿ ಹೋಗುತ್ತೆ."

"ಹಲ್ಲಿನ ಸೆಟ್ಟನ್ನೂ ತಟ್ಟೆಯಲ್ಲಿಟ್ಟು, ರಿಬ್ಬನ್ ಕಟ್ಟಿ ಅಲ್ಲೇ ಕೊಡ್ಲಾ?"

ಪಾಸ್ಟರ್ ಒಂದು ಗಳಿಗೆ ನಿಜಕ್ಕೂ ಯೋಚಿಸಿದರು. ಅದನ್ನು ಕಂಡು ಹಲ್ಲಕ್ಕನಿಗೆ ಅವರ ಮೇಲೆ ಉಳಿದಿದ್ದ ಚೂರುಪಾರು ಗೌರವವೂ ಹೊರಟುಹೋಯಿತು.

"ಅಂತೂ ಅವರನ್ನ ಕ್ಷಮಿಸಿದ್ದೀರಲ್ಲ," ಎಂದರು ಪಾಸ್ಟರ್.

"ಇಲ್ಲ."

"ಮತ್ತೆ ಹಲ್ಲು ಯಾಕೆ ಕಟ್ಟಿಕೊಡ್ತೀರಿ?"

"ಅವನಿಗೆ ಹಲ್ಲಿಲ್ಲ, ಅದಕ್ಕೆ." ಅವಳು ಚಾಕುವಿನಿಂದ ಮೇಣ ಹೆರೆಯತೊಡಗಿದಳು. "ಹಗೆಯವನಿಗೆ ಹಸಿವಾದ್ರೆ ಉಣ್ಣೋಕೆ ಕೊಡು ಅಂತ ನೀವೇ ತಾನೇ ಓದಿ ಹೇಳೋದು? ಮೊದಲು ಅವನ ಮೇಲೆ ಮನಸ್ಸು ಕರಗಲಿ, ಆಮೇಲೆ ಕೊಡು ಅಂತ ಎಲ್ಲಿದೆ? ನನ್ನ ಮನಸ್ಸು ಕರಗಲ್ಲ. ಕೈ ಖಾಲಿ ಇದೆ, ಮಾಡ್ತೀನಿ. ನಿಮ್ಮ ವೇದಿಕೆಗೆ ಬೇರೆ ಯಾರನ್ನಾದ್ರೂ ಹುಡುಕಿ."

ಗುಡುಗಪ್ಪ ಬಂದದ್ದು ಸಂಜೆ ಬೀದಿ ಖಾಲಿಯಾದ ಮೇಲೆ, ಹಿಂಬಾಗಿಲಿನಿಂದ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು. ಕೆನ್ನೆಗಳು ಒಳಗೆ ಬಿದ್ದಿದ್ದವು. ಹಲ್ಲು ಹೋದದ್ದೇ ಗದ್ದ ಮೂಗಿನ ಹತ್ತಿರಕ್ಕೆ ಬಂದು ಮುಖ ಅರ್ಧಕ್ಕರ್ಧ ಮಡಚಿಕೊಂಡಿತ್ತು. ಬಂದವನೇ ಕುರ್ಚಿಯಲ್ಲಿ ಕೂತ. ಹಲ್ಲಕ್ಕ ಗುಲಾಬಿ ಬಣ್ಣದ ಲೇಪ ಕಲಸಿ, ಅಚ್ಚುತಟ್ಟೆಗೆ ತುಂಬಿ, ಅವನ ಬಾಯಿಗೆ ಒತ್ತಿ ಹಿಡಿದಳು. ಲೇಪ ಗಟ್ಟಿಯಾಗುವ ತನಕ ಅವನು ಮಾತಾಡುವಂತಿರಲಿಲ್ಲ. ಅವಳಿಗೆ ಅಂಥ ತೊಂದರೆಯೇನೂ ಇರಲಿಲ್ಲ.

"ನನ್ನ ಗಂಡ ಒಳಗೆ ಹೋದದ್ದು ಧಣಿಗಳ ಮೇಲಿನ ಪ್ರೀತಿಗಲ್ಲ. ಉಸಿರಾಡೋಕೆ ಔಷಧಿ ಬೇಕಿತ್ತು. ನಿಂಗೆ ಗೊತ್ತಿತ್ತು ಅದು. ಅವನ ಪಕ್ಕದ ಮಗ್ಗದಲ್ಲೇ ಇದ್ದೆ ನೀನು, ಅವನು ಕೆಮ್ಮೋದನ್ನ ದಿನಾ ಕೇಳ್ತಿದ್ದೆ." ಗುಡುಗಪ್ಪ ಕಣ್ಣು ಮುಚ್ಚಿಕೊಂಡ. "ಕಣ್ಣು ಬಿಡು. ಅವತ್ತು ತಿರುವಿನಲ್ಲಿ ನನ್ನ ತಂಗಿ ಕಾಲು ಜಾರಿತು. ಪೆಟ್ಟಿಗೆ ಮೂಲೆ ನೆಲಕ್ಕೆ ಬಡಿಯಿತು. ನೀನು ನಕ್ಕೆ. ಆಗ ಒಳ್ಳೆ ಹಲ್ಲಿದ್ವು ನಿಂಗೆ, ದೂರಕ್ಕೂ ಕಂಡ್ವು."

ಅವನಿಗೆ ಓಕರಿಕೆ ಉಬ್ಬಳಿಸಿ ಬಂತು. ಕಣ್ಣಲ್ಲಿ ನೀರು ಕಿತ್ತುಕೊಂಡಿತು, ಕೈಗಳು ಕುರ್ಚಿಯ ತೋಳನ್ನು ಪರಚಿದವು.

"ಮೂಗಲ್ಲಿ ಉಸಿರಾಡು. ತಲೆ ಮುಂದಕ್ಕೆ ಬಗ್ಗಿಸು. ಹಾಂ, ಹಾಗೆ. ಏನೂ ಆಗಲ್ಲ, ನಿಧಾನ."

ಅವಳ ಎಡಗೈ ತಾನಾಗಿಯೇ ಅವನ ತಲೆಯ ಹಿಂಭಾಗಕ್ಕೆ ಹೋಗಿ ಆಸರೆಯಾಗಿತ್ತು. ಬೆವರಿದ ಕೂದಲು, ಕೂಸಿನ ನೆತ್ತಿಯಂತೆ ಬಿಸಿ. ಕೈ ಇಷ್ಟು ಮೆತ್ತಗೆ ಹಿಡಿದದ್ದು ಹಲ್ಲಕ್ಕನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೂ ಲೇಪ ಗಟ್ಟಿಯಾಗುವವರೆಗೆ ತೆಗೆಯಲಿಲ್ಲ.

ಬಾಯಿ ಮುಕ್ಕಳಿಸಿದ ಗುಡುಗಪ್ಪ ಏನೋ ಹೇಳಲು ಹೊರಟು, ತುಟಿಗಳಿಂದ ಬರೀ ಗಾಳಿ ಬಂದದ್ದಕ್ಕೆ ನಾಚಿ, ಟೋಪಿ ಎಳೆದುಕೊಂಡು ಹೋದ.

ಹಲ್ಲು ಜೋಡಿಸುವಾಗ ಅವಳಿಗೊಂದು ಯೋಚನೆ ಬಂತು. ಒಂದೇ ಒಂದು ದವಡೆಹಲ್ಲನ್ನು ಕೂದಲೆಳೆಯಷ್ಟು ಎತ್ತರಿಸಿದರೆ ಸಾಕು, ಯಾಕೆಂದು ತಿಳಿಯದೆಯೇ ಅವನ ದವಡೆ ಬದುಕಿಡೀ ನೋಯುತ್ತಿರುತ್ತದೆ. ಈ ಯೋಚನೆಯನ್ನು ಇಡೀ ಮಧ್ಯಾಹ್ನ ಚಪ್ಪರಿಸಿದಳು. ಆಮೇಲೆ ಹಲ್ಲನ್ನು ಸರಿಯಾಗಿಯೇ ಕೂರಿಸಿದಳು. ಯೋಗ್ಯತೆಗೆ ಮೀರಿ ಚೆನ್ನಾಗಿ ಬಂದಿದ್ದವು, ದರಿದ್ರದವನಿಗೆ.

ಸಾಮರಸ್ಯದ ಭಾನುವಾರ ಹಲ್ಲಕ್ಕ ತಂಗಿಯ ಜೊತೆ ಕೊನೆಯ ಬೆಂಚಿನಲ್ಲಿ ಕೂತಳು. ಪಾಸ್ಟರ್ ಪ್ರೀತಿಯ ಬಗ್ಗೆ ಹೇಳಿದರು, ಹೇಳುತ್ತಲೇ ಹೋದರು. ಜನ ಅಪ್ಪಿಕೊಂಡರು. ಅದೂ ಎಂಥದು? ಮೈಗೆ ಮೈ ತಾಗದ ಹಾಗೆ, ಮುಖ ಕ್ಯಾಮೆರಾ ಕಡೆ ತಿರುಗಿಸಿ. ಕೊನೆಗೆ ಗುಡುಗಪ್ಪನನ್ನು ಕರೆದು ಅವನ ಕೈಗೆ ಮೈಕು ಕೊಟ್ಟರು.

"ನಾವು ಕ್ಷಮಿಸ್ತೀವಿ," ಎಂದ ಗುಡುಗಪ್ಪ. ಬಾಯಲ್ಲಿ ಹೊಸ ಹಲ್ಲು, ಹಳೆಯ ಗಂಟಲು ಹಾಗೇ ಇತ್ತು. "ಬೆನ್ನಿಗೆ ಚೂರಿ ಹಾಕಿದವರನ್ನೂ ಕ್ಷಮಿಸ್ತೀವಿ. ಸತ್ತವರನ್ನೂ ಕ್ಷಮಿಸ್ತೀವಿ. ಆದ್ರೆ ದ್ರೋಹ ದ್ರೋಹಾನೇ! ಅದನ್ನ ಯಾವ ರಿಬ್ಬನ್ನೂ ಮುಚ್ಚಲ್ಲ!"

ಅಷ್ಟೇ ಸಾಕಾಯಿತು. ಒಬ್ಬ ಎದ್ದು ಕೂಗಿದ, ಇನ್ನೊಬ್ಬ ಅವನ ಕೊರಳಪಟ್ಟಿ ಹಿಡಿದ, ಬಿಳಿ ರಿಬ್ಬನ್‌ಗಳು ಕಾಲಡಿಗೆ ಬಿದ್ದವು. ಪಾಸ್ಟರ್ ಹಾಡು ಶುರುಮಾಡಿ ಒಬ್ಬರೇ ಹಾಡಿದರು. ಎರಡೂ ಕಡೆಯವರು ಎರಡು ಬಾಗಿಲಿನಿಂದ ಹೊರಗೆ ಹೋದರು.

"ನೋಡಿದ್ಯಾ ಅಕ್ಕಾ, ಯಾರ ಹಲ್ಲಿನಿಂದ ಯಾರಿಗೆ ಬೈದ ಅಂತ!" ತಂಗಿ ಅವಳ ತೋಳು ಹಿಡಿದು ಜಗ್ಗಿದಳು.

ಹಲ್ಲಕ್ಕನಿಗೂ ಸಿಟ್ಟು ಬಂದಿತ್ತು. ಅದರ ನಡುವೆಯೂ ಅವನ ಒಂದಕ್ಷರವೂ ಸಿಳ್ಳೆ ಹೊಡೆಯಲಿಲ್ಲ, ಹಲ್ಲು ಒಂದಿಷ್ಟೂ ಅಲುಗಲಿಲ್ಲ ಎಂಬುದನ್ನು ಗಮನಿಸಿದ್ದಳು. ಅದಕ್ಕಾಗಿ ತನ್ನ ಮೇಲೂ ಅಸಹ್ಯಪಟ್ಟುಕೊಂಡಳು.

ಎರಡು ದಿನ ಬಿಟ್ಟು ಗುಡುಗಪ್ಪ ಬಂದ. ಈ ಸಲ ಹಗಲಲ್ಲೇ, ಮುಂಬಾಗಿಲಿನಿಂದ. ಒಂದು ಕೆನ್ನೆ ಊದಿತ್ತು. ಒಳಗಿದ್ದ ತಂಗಿ ದಡಕ್ಕನೆ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಹುಣ್ಣಾಗಿದೆ," ಎಂದ, ತಂಗಿಯ ಹೆಗಲ ಮೇಲಿಂದ ಹಲ್ಲಕ್ಕನನ್ನೇ ನೋಡುತ್ತ.

"ಆಗಲಿ ಬಿಡಕ್ಕ, ಕೊಳೀಲಿ!" ಎಂದಳು ತಂಗಿ.

"ಭಾಷಣ ಮಾಡಿದ್ರೆ ಹುಣ್ಣಾಗುತ್ತೆ," ಎಂದಳು ಹಲ್ಲಕ್ಕ. "ನಾನು ಕೊಟ್ಟದ್ದು ಊಟ ಮಾಡೋಕೆ."

ಅವನು ಕ್ಷಮೆ ಕೇಳಲಿಲ್ಲ. ಕೇಳುತ್ತಾನೆಂದು ಅವಳೂ ಕಾಯಲಿಲ್ಲ. ಆದರೆ ಅವನು ಹೊರಟೂ ಹೋಗಲಿಲ್ಲ. ನೋವು ತಡೆಯದ ಮಕ್ಕಳಂತೆ ಕೆನ್ನೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದ. ಬೀದಿಯಲ್ಲಿ ಹೋಗುವವರು ತಿರುತಿರುಗಿ ನೋಡುತ್ತಿದ್ದರು.

"ಸರಿ, ಅವನನ್ನ ಒಳಗೆ ಬಿಡು," ಎಂದಳು ಹಲ್ಲಕ್ಕ. "ಕೂತ್ಕೋ. ಬಾಯಿ ತೆಗಿ."

ಕೆಳದವಡೆಯ ಸೆಟ್ಟಿನ ಅಂಚು ಒಸಡನ್ನು ಕೊರೆದಿತ್ತು. ಹುಣ್ಣಿಗೆ ಔಷಧಿ ಸವರಿ, ಸೆಟ್ಟನ್ನು ತೆಗೆದುಕೊಂಡು ಹೋಗಿ ಅಂಚನ್ನು ಉಜ್ಜಿದಳು, ಬೆರಳಾಡಿಸಿ ನೋಡಿದಳು, ಮತ್ತೆ ಉಜ್ಜಿದಳು. ಹಾಕಿಸಿ, "ಕಚ್ಚಿ ನೋಡು," ಎಂದಳು. ಕಚ್ಚಿದ. ನೋವಿಲ್ಲವೆಂದು ತಲೆಯಾಡಿಸಿದ. "ಮಲಗೋವಾಗ ತೆಗೆದು ನೀರಲ್ಲಿಡು. ನಾಲ್ಕು ದಿನ ಕೂಗಾಡಬೇಡ." ಅದಕ್ಕೂ ತಲೆಯಾಡಿಸಿ ಹೋದ.

"ಉಪಕಾರ ಆಯ್ತು ಅಂತ ಒಂದು ಮಾತೂ ಅನ್ನಲಿಲ್ಲ, ನೋಡು," ಎಂದಳು ತಂಗಿ. "ಈಗಲಾದ್ರೂ ನಿನ್ನ ಸಿಟ್ಟು ಇಳೀತಾ?"

"ಇಳಿಯೋಕೆ ಅದೇನು ಜ್ವರನಾ?" ಹಲ್ಲಕ್ಕ ತೊಟ್ಟಿಯಲ್ಲಿ ಕೈ ತೊಳೆಯತೊಡಗಿದಳು. "ಈಚೆಗೆ ಹಲ್ಲು ಕಿತ್ತ ಒಸಡು, ಇನ್ನೂ ಕುಗ್ಗುತ್ತೆ. ಮತ್ತೆ ಸಡಿಲ ಆಗುತ್ತೆ, ಮತ್ತೆ ಕೊರೆಯುತ್ತೆ. ವರ್ಷಗಟ್ಟಲೆ ಬರ್ತಾನೇ ಇರ್ತಾನೆ, ಹಾಳಾದವನು."

"ಬಂದಾಗೆಲ್ಲ ಮಾಡಿಕೊಡ್ತೀಯಾ?"

"ಮಾಡದೆ ಇನ್ನೇನು?" ಎಂದು ರೇಗಿ, ಹಲ್ಲಕ್ಕ ಟವೆಲ್ಲಿಗಾಗಿ ಕೈ ಚಾಚಿದಳು.