ನಲವತ್ಮೂರು ಹೆಸರು

ಹೂಗುಚ್ಛವನ್ನು ದೇಹದ ಪಾದದ ಬಳಿ ಇಡಲು ಬಾಗಿದ ಮೇಡಂಗೆ ಬೆನ್ನ ಹಿಂದಿನ ಮಾತು ಕೇಳಿಸಿತು.

"ಚಿನ್ನದಂಥ ಮನುಷ್ಯ. ಆದ್ರೆ ಅದೊಂದು ಮರೆವು ಶಾಲೇನೇ ನುಂಗಿಬಿಡ್ತು ನೋಡಿ."

ಮಾತಾಡಿದವನು ಮೂಲೆ ಅಂಗಡಿಯ ದರ್ಜಿ, ಅದೇ ಹೈಸ್ಕೂಲಿನ ಹಳೆಯ ವಿದ್ಯಾರ್ಥಿ. ಮೇಡಂ ಆ ಶಾಲೆಯ ಕಡೆಯ ಮುಖ್ಯೋಪಾಧ್ಯಾಯಿನಿ. ತೀರಿಕೊಂಡವರು ಅಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಕಲಿಸಿದವರು. ಕೊರಳಲ್ಲಿ ಸದಾ ಪೀಪಿ ನೇತಾಡುತ್ತಿದ್ದುದರಿಂದ ಊರಿಗೆಲ್ಲ ಪೀಪಿ ಮೇಷ್ಟ್ರು.

ಮನೆ ತುಂಬ ಅವರ ಶಿಷ್ಯರೇ. ಮಾತೆಲ್ಲ ಶಾಲೆಯದೇ. ಅರವತ್ತೆಂಟು ವರ್ಷ ನಡೆದ ಶಾಲೆ. ಈಗ ಅದರ ತರಗತಿಗಳಲ್ಲಿ ಸಿಮೆಂಟ್ ಚೀಲ ಪೇರಿಸಿದ್ದಾರೆ.

"ಬೆಂಚು ಒಪ್ಪಿಸೋದು ನೆನಪಿದ್ಯಾ?" ಎಂದಳು ಒಬ್ಬ ನರ್ಸು. ಶಾಲೆ ಶುರುವಾದಾಗಿನಿಂದ ಬಂದ ಪದ್ಧತಿ ಅದು. ಹತ್ತನೆಯವರು ಕಡೆಯ ದಿನ ಒಂಬತ್ತನೆಯವರ ಕೈಹಿಡಿದು ತಮ್ಮ ಜಾಗದಲ್ಲಿ ಕೂರಿಸಿ, "ಇನ್ಮೇಲೆ ಇದು ನಿಂದು, ಹೆಸರು ಕೆಡಿಸಬೇಡ" ಎನ್ನಬೇಕು. "ನಾನು ಬೆಂಚು ಒಪ್ಪಿಸಿದ ಹುಡುಗಿ ಮೂರು ಸಲ ಫೇಲು. ಮೇಷ್ಟ್ರು ನನ್ನನ್ನ ಕರೆಸಿ, ಅದೇನು ಬಿಟ್ಟುಹೋದ್ಯೇ ಆ ಬೆಂಚಲ್ಲಿ, ಅಂತ ಕೇಳಿದ್ರು."

ಎಲ್ಲರೂ ಸದ್ದಿಲ್ಲದೆ ನಕ್ಕರು.

"ನಾವು ಯಾರಿಗೂ ಒಪ್ಪಿಸಲಿಲ್ಲ," ಎಂದ ಬಾಗಿಲ ಬಳಿ ನಿಂತಿದ್ದ ಬಸ್ ಡ್ರೈವರ್. ಅವನದು ಕಡೆಯ ಬ್ಯಾಚು.

*

ಎಂಟು ವರ್ಷದ ಹಿಂದೆ ಶಿಕ್ಷಣ ಇಲಾಖೆಯಿಂದ ಆದೇಶ ಬಂದಿತ್ತು: ಬರುವ ವರ್ಷಕ್ಕೆ ನಲವತ್ತು ಮಕ್ಕಳಾದರೂ ಸೇರದಿದ್ದರೆ ಶಾಲೆಗೆ ಬೀಗ. ಪೀಪಿ ಮೇಷ್ಟ್ರು ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಎರಡು ವಾರ ಮನೆಮನೆ ಅಲೆದರು. ಗದರಿಸಿದರು, ಗೋಗರೆದರು, ಹೆತ್ತವರ ಸಹಿ ಹಾಕಿಸಿದರು.

"ನಲವತ್ಮೂರು ಹೆಸರು, ಮೇಡಂ," ಎಂದು ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಸೋಮವಾರವೇ ಕಡೇ ದಿನ, ಅಷ್ಟರೊಳಗೆ ಕಚೇರಿಗೆ ಮುಟ್ಟಿಸಿಬಿಡಿ."

ಮೇಡಂ ಅದನ್ನು ಮೇಜಿನ ಖಾನೆಯಲ್ಲಿಟ್ಟರು. ಶಾಲೆ ಮುಚ್ಚಿದರೆ ಕೇಳಿದ ಊರಿಗೆ ವರ್ಗ ಸಿಗುತ್ತಿತ್ತು. ಗಂಡ, ಮಗಳು ಇದ್ದ ಊರಿಗಾಗಿ ಅವರು ಹನ್ನೊಂದು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದರು. ಸೋಮವಾರ ಬಂತು, ಹೋಯಿತು.

ಶಾಲೆ ಮುಚ್ಚುವುದು ಖಚಿತವಾದ ಮೇಲೆ ಕರೆದ ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು: "ನಾವು ಸಹಿ ಹಾಕಿದ ಪಟ್ಟಿ ಏನಾಯ್ತು?"

"ನನ್ನ ಕೈಗೆ ಬರಲೇ ಇಲ್ಲ," ಎಂದುಬಿಟ್ಟರು ಮೇಡಂ.

ಮೇಷ್ಟ್ರು ಅವರನ್ನೊಮ್ಮೆ ನೋಡಿದರು. ಆಮೇಲೆ ಸಾಲಾಗಿ ಕೂತಿದ್ದ ಮಕ್ಕಳನ್ನು ನೋಡಿದರು.

"ತಪ್ಪು ನಂದು. ಕೊಡೋದು ಮರೆತೆ," ಎಂದರು.

*

"ಮರೆತಿರಲಿಲ್ಲ," ಎಂದರು ಮೇಡಂ, ದರ್ಜಿಯ ಕಡೆ ತಿರುಗಿ. "ಪಟ್ಟಿ ನನಗೆ ಕೊಟ್ಟಿದ್ರು. ನಾನೇ ಕಳಿಸಲಿಲ್ಲ. ಬೇಕು ಅಂತಲೇ."

ದರ್ಜಿ ಕಣ್ಣೊರೆಸಿಕೊಂಡ.

"ದೊಡ್ಡತನ ಅಂದ್ರೆ ಇದಪ್ಪಾ. ಸತ್ತವರ ಮೇಲೆ ಮಾತು ಬರಬಾರದು ಅಂತ ತಮ್ಮ ಮೈಮೇಲೆ ಎಳ್ಕೊಳ್ತಿದ್ದಾರೆ."

"ಇರೋದನ್ನ ಹೇಳ್ತಿದ್ದೀನಿ ಕಣಯ್ಯಾ."

"ಆಯ್ತು, ಸುಧಾರಿಸ್ಕೊಳ್ಳಿ ಮೇಡಂ." ನರ್ಸು ಭುಜ ಸವರಿ ನೀರು ಕೊಟ್ಟಳು.

ಮೇಡಂ ನೀರು ಕುಡಿಯದೆ ಒಳಗೆ ಹೋದರು. ಮೇಷ್ಟ್ರ ಹೆಂಡತಿ ಒಬ್ಬರೇ ನಿಂತು ಗಂಡನ ಅಂಗಿಗಳನ್ನು ಮಡಚುತ್ತಿದ್ದರು.

"ನೀವಾದ್ರೂ ನಂಬಿ, ಅಕ್ಕಾ."

"ನಂಗೊತ್ತು." ಆಕೆ ತಲೆಯೆತ್ತಲಿಲ್ಲ. "ಅವತ್ತೇ ಹೇಳಿದ್ರು. ಹೆಡ್‌ಮೇಡಂ ಸುಳ್ಳು ಹೇಳಿದ್ರು ಅಂತ ಮಕ್ಕಳಿಗೆ ಗೊತ್ತಾಗಬಾರದು, ನೀನೂ ಬಾಯಿಬಿಡಬೇಡ ಅಂದ್ರು. ಆಮೇಲೆ ಪೇಟೆಗೆ ಹೋದಾಗೆಲ್ಲ ಯಾರದಾದ್ರೂ ಒಂದು ಚುಚ್ಚುಮಾತು ಕೇಳ್ಕೊಂಡೇ ಬರ್ತಿದ್ರು." ಒಂದು ಅಂಗಿಯ ಕಾಲರನ್ನು ಅಂಗೈಯಲ್ಲಿ ತೀಡಿದರು. "ಅವರಿದ್ದಾಗ ಬರಬೇಕಿತ್ತು ನೀವು."

ವ್ಯಾನು ಬಂತು. ಶಿಷ್ಯರೇ ಹೆಗಲು ಕೊಟ್ಟು ಮೇಷ್ಟ್ರನ್ನು ಏರಿಸಿದರು. ದರ್ಜಿ ಜನರನ್ನು ಸರಿಸಿ, "ಮೇಡಂ ಅಮ್ಮನ ಪಕ್ಕ ಕೂರಲಿ, ಅವರಿಗಿಂತ ಹತ್ತಿರದವರು ಯಾರಿದ್ದಾರೆ?" ಎಂದು ಕೈಹಿಡಿದು ಹತ್ತಿಸಿದ.

ಇಬ್ಬರಿಗೇ ಇಕ್ಕಟ್ಟಾಗುವ ಸೀಟು. ಮೇಷ್ಟ್ರ ಹೆಂಡತಿ ಮೈ ಮುದುರಿಕೊಂಡು ಕಿಟಕಿಗೆ ಒತ್ತಿ ಕೂತರು. ನಡುವೆ ಒಂದು ಗೇಣು ಜಾಗ ಉಳಿಯಿತು. ದಾರಿಯುದ್ದಕ್ಕೂ ಗಾಡಿ ಎಷ್ಟು ಕುಲುಕಿದರೂ, ಆಕೆ ಕಿಟಕಿಯ ಸರಳನ್ನು ಬೆರಳು ಬಿಳಿಚುವಂತೆ ಹಿಡಿದು, ಆ ಒಂದು ಗೇಣನ್ನು ಹಾಗೆಯೇ ಉಳಿಸಿಕೊಂಡರು.