ಆರು ವಾರದ ತಂತಿ

ಲವಂಗದೆಣ್ಣೆಯ ವಾಸನೆ, ಮೇಲೆ ತಿರುಗುವ ಫ್ಯಾನಿನ ಒಂದು ರೆಕ್ಕೆಗೆ ಮಾತ್ರ ಯಾಕೆ ಅಷ್ಟು ಧೂಳು, ಗೋಡೆಯ ಮೇಲೆ ಎರಡು ಸಾವಿರದ ಆರರ ಕ್ಯಾಲೆಂಡರು, ಹೊರಗೆ ಬೈಂದೂರು ಬಸ್ಸಿನ ಕಂಡಕ್ಟರು ಮರವಂತೆ ಉಪ್ಪುಂದ ಎಂದು ಕೂಗುವುದು ಈ ಕುರ್ಚಿಯವರೆಗೂ ಕೇಳುತ್ತದೆ, ಡಾಕ್ಟರು ಚಂದಯ್ಯ ಭಾವನ ತುಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಾರೆ, ಒಳಗೆ ಒಸಡಿನ ಗುಂಟ ಬಗ್ಗಿಸಿ ಕೂರಿಸಿದ ಉಕ್ಕಿನ ಪಟ್ಟಿ, ಹಲ್ಲು ಹಲ್ಲಿಗೂ ಸುತ್ತಿದ ಸಣ್ಣ ತಂತಿ, ಮೇಲಿನ ದವಡೆ ಕೆಳಗಿನ ದವಡೆ ಎರಡನ್ನೂ ಸೇರಿಸಿ ಬಿಗಿದದ್ದು, ಬಲೆ ಹೆಣೆದ ಹಾಗೇ ಇದೆ — ಆರು ವಾರ ಆಯಿತು, ಇವತ್ತು ಬಿಚ್ಚುವುದು, ಬಿಚ್ಚಿದ ಮೇಲೆ ಭಾವ ಮಾತಾಡುತ್ತಾನೆ. ನನ್ನ ತಂಗಿ ವಿನಯಾ ಗೋಡೆಗೊರಗಿ ನಿಂತಿದ್ದಾಳೆ, ಮಲ್ಲಿಗೆ ಮುಡಿದು ಬಂದಿದ್ದಾಳೆ, ಗಂಡನ ದನಿ ಕೇಳದೆ ಆರು ವಾರ ಆದವಳು, ನನ್ನ ಕಡೆ ತಿರುಗಿ ನಗುತ್ತಾಳೆ, ನಾನೂ ನಗುತ್ತೇನೆ, ಮೊದಲ ಮಾತು ಎಂತ ಆಡುತ್ತಾನೋ.

ಆವತ್ತು ಬೋಟಿನಲ್ಲಿ ಮರವಂತೆಯ ದೇವಸ್ಥಾನ ಸಣ್ಣದಾಗಿ ಕಾಣುವಷ್ಟು ಹತ್ತಿರ ಬಂದಿದ್ದೆವು, ಕೊನೆಯ ಸಲ ಬಲೆ ಎಳೆಯುವುದು, ಹಗ್ಗ ಸುತ್ತುವ ವಿಂಚಿನ ಬ್ರೇಕು ನನ್ನ ಕೈಯಲ್ಲಿ, ಭಾವ ಹಿಂದುಗಡೆ ಹಗ್ಗದ ಪಕ್ಕ ನಿಂತು ಹ್ವಾಯ್ ಸೂರ ನಿಧಾನ ಅನ್ನುತ್ತಿದ್ದ, ಆಗ ಕಿಸೆಯಲ್ಲಿ ಮೊಬೈಲು ಕುಣಿಯಿತು, ಹೊಸದು, ದಡ ಹತ್ತಿರವಾದರೆ ಸಿಗ್ನಲ್ ಬರುತ್ತಿತ್ತು, ಯಾರೆಂದು ನೋಡುವ ಆಸೆ, ಅಷ್ಟೇ — ಕೈ ಸಡಿಲಿತು, ಹಗ್ಗ ಸರ್ರನೆ ಓಡಿತು, ಹೆದರಿ ಬ್ರೇಕು ಗಕ್ಕನೆ ಹಿಡಿದೆ, ಆ ಜಗ್ಗಿಗೆ ಹಗ್ಗ ತುಂಡಾಗಿ ತುದಿಯ ಕಬ್ಬಿಣದ ಕೊಂಡಿ ಹಾರಿ ಭಾವನ ಗಲ್ಲಕ್ಕೆ ಬಡಿಯಿತು. ಫೋನು ಮಾಡಿದ್ದು ಕಂಪೆನಿಯವರು, ಹೊಸ ರಿಂಗ್‌ಟೋನ್ ಬೇಕಾ ಎಂದು ಕೇಳುವುದಕ್ಕೆ. ಪೆಟ್ಟು ಬೀಳುವ ಮೊದಲು ಭಾವ ನನ್ನ ಕಡೆ ನೋಡಿದ್ದ, ಕೈಯಲ್ಲಿ ಫೋನಿದ್ದದ್ದನ್ನು ನೋಡಿದ್ದ. ದವಡೆ ಒಂದು ಬದಿಗೆ ಸರಿದು ತೂಗುತ್ತಿತ್ತು, ಹೆಗಲ ಮೇಲಿನ ಬೈರಾಸು ಹರಿದು ಗಲ್ಲದಡಿಯಿಂದ ನೆತ್ತಿಗೆ ತಂದು ಕಟ್ಟಿದೆ, ಅಪ್ಪ ಸತ್ತಾಗ ಬಾಯಿ ತೆರೆಯದ ಹಾಗೆ ಕಟ್ಟಿದ್ದೂ ಹೀಗೆಯೇ, ಬೇರೆ ಕಟ್ಟು ನನಗೆ ಗೊತ್ತಿರಲಿಲ್ಲ, ಗಂಗೊಳ್ಳಿಯ ಜೆಟ್ಟಿಯಲ್ಲಿ ವಿನಯಾ ಆ ಕಟ್ಟು ಕಂಡವಳೇ ಕುಸಿದು ಕೂತಳು. ಕಟ್ಟಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಮೂಳೆ ಇನ್ನೂ ಸರಿಯುತ್ತಿತ್ತು ಅಂದರು ಈ ಡಾಕ್ಟರು, ಬ್ರಹ್ಮಾವರದಿಂದ ವಾರಕ್ಕೆ ಎರಡು ದಿನ ಕುಂದಾಪುರಕ್ಕೆ ಬರುವವರು, ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು, ಆಮೇಲೆ ಬಿದ್ದ ಹಲ್ಲು ಎಲ್ಲಿ ಎಂದು ಕೇಳಿದರು. ಎರಡು ಹಲ್ಲು, ಲುಂಗಿಯಲ್ಲಿ ತಿಕ್ಕಿ ಒರೆಸಿ ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿ ತಂದಿದ್ದೆ. ತಿಕ್ಕಬಾರದಿತ್ತಂತೆ, ಹಾಲಿನಲ್ಲಿ ಹಾಕಿ ತಂದಿದ್ದರೆ ಮತ್ತೆ ಕೂರಿಸಿ ಪಕ್ಕದ ಹಲ್ಲಿಗೆ ಕಟ್ಟಿ ನೋಡಬಹುದಿತ್ತಂತೆ — ಚಹಾಕ್ಕೆಂದು ತಂದ ಹಾಲು ಬೋಟಿನಲ್ಲಿ ಅರ್ಧ ಕ್ಯಾನು ಇತ್ತು.

ಹೇಗಾಯಿತೆಂದು ಬೋಟಿನ ಯಜಮಾನರು ಕೇಳಿದಾಗ ಹಗ್ಗ ಹಳ್ತಾಯಿತ್ತ್, ತುಂಡಾಯ್ತ್ ಅಂದೆ, ತುಂಡಾದದ್ದು ಸುಳ್ಳಲ್ಲವಲ್ಲ. ಹಗ್ಗ ನೋಡಿಕೊಳ್ಳುವವನು ಗುಡ್ಡ, ಬೈಂದೂರಿನವನು, ಹದಿನೆಂಟು ವರ್ಷ ಅದೇ ಬೋಟು, ಮರುದಿನವೇ ಅವನನ್ನು ಇಳಿಸಿದರು, ಬೇರೆ ಬೋಟಿನವರೂ ಸೇರಿಸಿಕೊಳ್ಳಲಿಲ್ಲ. ಅವನು ಜಗಳಕ್ಕೆ ಬಂದಿದ್ದರೆ ನನಗೆ ಸುಲಭವಿತ್ತು, ಅವನು ನಂಬಿದ, ತನ್ನದೇ ತಪ್ಪೆಂದು ನಂಬಿ ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಬಂದು ಭಾವನಿಗೆ ಮೀನಿನ ಸಾರು ಕೊಡುತ್ತಾನೆ, ಮುಳ್ಳಿನ ಚೂರೂ ಇಲ್ಲ, ಎರಡ್ ಸಲ ಸೋಸಿದ್ದೆ ಅನ್ನುತ್ತಾನೆ, ಭಾವ ಕೊಳವೆಯಲ್ಲಿ ಹೀರುವುದನ್ನು ಕೈಕಟ್ಟಿ ನೋಡುತ್ತಾ ನಿಲ್ಲುತ್ತಾನೆ. ವಿನಯಾ ಒಂದು ಸ್ಲೇಟು ತಂದುಕೊಟ್ಟಿದ್ದಳು, ಭಾವ ಬಳಪ ಎತ್ತಿದಾಗಲೆಲ್ಲ ನಾನು ಬಗ್ಗಿ ನೋಡುತ್ತಿದ್ದೆ, ನೀರು, ದಿಂಬು, ಬೋಟು ಹೋಯಿತಾ, ಅಷ್ಟೇ ಬರೆಯುವುದು, ಒಂದು ದಿನ ಸೂರ ಎಂದು ಬರೆದು, ನನ್ನನ್ನೇ ನೋಡಿ, ಬೆರಳಿನಿಂದ ಒರೆಸಿದ.

ಇಗೊಳ್ಳಿ, ಮುಗಿಯಿತು ಅನ್ನುತ್ತಾರೆ ಡಾಕ್ಟರು, ಸ್ಟೀಲಿನ ತಟ್ಟೆಯಲ್ಲಿ ಕಡಿದ ತಂತಿಯ ಚೂರುಗಳು, ಬಾಯಿ ನಿಧಾನ ತೆರೆಯಿರಿ, ಬೆರಳಿನಷ್ಟು ಸಾಕು, ಭಾವನ ದವಡೆ ತುಕ್ಕು ಹಿಡಿದ ಬಾಗಿಲಿನ ಹಾಗೆ ಅದುರಿ ಅದುರಿ ತೆರೆಯುತ್ತದೆ, ಎಂತಾರೂ ಮಾತಾಡಿ ಕಾಂಬ ಅನ್ನುತ್ತಾಳೆ ವಿನಯಾ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಗುಡ್ಡ ಇಣುಕುತ್ತಿದ್ದಾನೆ, ಇವನು ಬಂದದ್ದು ಯಾವಾಗ. ಭಾವ ಗುಡ್ಡನನ್ನು ನೋಡಿದ, ವಿನಯಾಳನ್ನು ನೋಡಿದ, ಆಮೇಲೆ ನನ್ನನ್ನು, ತುಂಬಾ ಹೊತ್ತು ನನ್ನನ್ನು. ಹಗ್ಗ ಹಳ್ತಾಯಿತ್ತ್, ಅಂದ. ದನಿ ಅವನದಲ್ಲವೆಂಬ ಹಾಗೆ ಒಡಕು, ವಿನಯಾ ಅಳುತ್ತಾ ನಗುತ್ತಾಳೆ, ಮಾತು ಯಾವುದೆಂದು ಅವಳಿಗೆ ಬೇಕಿಲ್ಲ, ದನಿ ಬಂತಲ್ಲ. ಗುಡ್ಡ ತಲೆಯಾಡಿಸುತ್ತಾನೆ, ಹೌದ್ ಚಂದಯ್ಯ, ನಾನ್ ಸಮಾ ಕಾಣ್ಕಿದ್ದಿತ್, ತಪ್ಪ್ ನಂದೇ.

ಭಾವ ಯಾಕೆ ಹಾಗೆ ಹೇಳಿದ, ತಂಗಿಗೋಸ್ಕರ, ಅವಳ ಅಣ್ಣ ಅವಳಿಗೆ ಉಳಿಯಲಿ ಎಂದು — ಆದರೆ ಅವನಿಗೆ ಇನ್ನೊಂದೂ ಗೊತ್ತಿದೆ, ಮೂರನೇ ವಾರದ ಆ ಮಧ್ಯಾಹ್ನ. ವಾಂತಿ ಬಂದರೆ ಉಸಿರು ಕಟ್ಟುತ್ತದೆ, ಯೋಚನೆ ಮಾಡಬೇಡಿ, ತಕ್ಷಣ ತಂತಿ ಕಡಿಯಿರಿ ಎಂದು ಡಾಕ್ಟರು ಒಂದು ಸಣ್ಣ ಕಟ್ಟರು ಕೊಟ್ಟಿದ್ದರು, ಮಂಚದ ಕಾಲಿಗೆ ದಾರದಲ್ಲಿ ಕಟ್ಟಿಟ್ಟಿದ್ದೆವು. ವಿನಯಾ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು, ಭಾವ ಗಂಜಿನೀರು ಹೀರಿದವನು ಉಬ್ಬಳಿಸಿದ, ಮುಖ ನೀಲಿಯಾಯಿತು, ಕಟ್ಟರು ತೆಗೆದೆ, ತುಟಿ ಸರಿಸಿದೆ, ತಂತಿಯ ಮೇಲೆ ಇಟ್ಟೆ, ಒತ್ತಲಿಲ್ಲ. ಕಡಿದರೆ ಮಾತಾಡುತ್ತಾನೆ ಅನಿಸಿತು. ಎಷ್ಟು ಹೊತ್ತು, ಎರಡು ಉಸಿರು, ಮೂರು, ವಿನಯಾ ಓಡಿ ಬಂದು ಅವನನ್ನು ಬಗ್ಗಿಸಿದಳು, ನಾನು ಒಣಗಿಸಿ ಕೊಂದ ಆ ಎರಡು ಹಲ್ಲಿನ ಸಂದಿಯಿಂದ ಎಲ್ಲ ಹೊರಗೆ ಬಂತು, ಬದುಕಿದ. ಪಾಪ ಅಣ್ಣ, ಹೆದರಿ ಕೈ ನಡುಗಿತ್ತ್ ಅಂದಳು. ನಡುಗಿರಲಿಲ್ಲ. ಭಾವ ನೋಡಿದ್ದ. ಗುಡ್ಡ ಚಪ್ಪಲಿ ಮೆಟ್ಟುತ್ತಿದ್ದಾನೆ, ಬಸ್ಸಿಗೆ ಹೊತ್ತಾಯಿತು ಬತ್ತೆ ಅನ್ನುತ್ತಾನೆ, ಈಗ ಕರೆಯಬೇಕು, ಹ್ವಾಯ್ ಗುಡ್ಡ ನಿಲ್ಲ್, ಹಗ್ಗ ಅಲ್ಲ, ನಾನು — ಕರೆಯಬೇಕು, ಮೆಟ್ಟಿಲಿಳಿಯುತ್ತಿದ್ದಾನೆ, ತಂತಿಯ ಮೇಲೆ ಕಟ್ಟರು, ಭಾವನ ನೀಲಿ ತುಟಿ, ಅವನ ಕಣ್ಣು ನನ್ನ ಕೈಯ ಮೇಲೆ, ತಂತಿಯ ಮೇಲೆ ಕಟ್ಟರು, ಕೈ ನಡುಗುತ್ತಿಲ್ಲ, ತಂತಿಯ ಮೇಲೆ ಕಟ್ಟರು