ಚಿಕ್ಕಮ್ಮ ಕೊಡದ ರಾಗ

ನನ್ನ ಸ್ಟುಡಿಯೋ ಅಂದರೆ ಚಿಕ್ಕಮ್ಮನ ಬಟ್ಟೆ ಬೀರು. ಉಣ್ಣೆಯ ಕೋಟುಗಳ ನಡುವೆ ಮೈಕು ತೂಗುಹಾಕಿ ಬಾಗಿಲು ಎಳೆದುಕೊಂಡರೆ ಹೊರಗಿನ ಸದ್ದು ಬರುವುದಿಲ್ಲ ಎಂದು ನಂಬಿದ್ದೆ. ಹಿಂದಿನ ಹಲಗೆ ಸಡಿಲವಾಗಿದ್ದದ್ದು ಗೊತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಗಿರಾಕಿಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಚಿಕ್ಕಮ್ಮನ ಗುನುಗು ಆ ಸಂದಿಯಿಂದ ನುಸುಳಿ, ನನ್ನ ಗಿಟಾರಿನ ಜೊತೆಗೇ ರೆಕಾರ್ಡ್ ಆಗಿತ್ತು.

ಅದನ್ನು ಕೇಳಿದ್ದೇ ನನ್ನ ಗೆಳೆಯ ಕುರ್ಚಿಯಿಂದ ಎದ್ದುಬಿಟ್ಟ. ಎಲ್ಲದಕ್ಕೂ ಅವಸರಪಡುವ ಅವನನ್ನು ನಾನು ಕರೆಯುವುದೇ ಗಡಿಬಿಡಿ ಎಂದು. ನನ್ನ ಹಾಡುಗಳಿಗೆ ಡ್ರಮ್ ಬಾರಿಸುವವನೂ ಹಾಡುವವನೂ ಅವನೇ. ನಾನು ಬರೆಯುತ್ತೇನೆ, ರಾಗ ಕಟ್ಟುತ್ತೇನೆ, ಹಾಡುವುದಿಲ್ಲ. ನನ್ನ ದನಿಯ ಮೇಲೆ ನನಗೇ ನಂಬಿಕೆಯಿಲ್ಲ.

"ಇದೇ ಕಣೇ ಹಾಡಿನ ಜೀವ! ಮಧ್ಯಕ್ಕೆ ಹಾಕು."

ಹಾಕಿದೆ. ಶನಿವಾರ ಸಭಾಂಗಣದಲ್ಲಿ ಹೊಸಬರ ಸಂಜೆ. ನಮಗೆ ಸಿಕ್ಕಿದ್ದು ಒಂದೇ ಹಾಡಿನ ಅವಕಾಶ. ಹಾಡು ನಿಜಕ್ಕೂ ಚೆನ್ನಾಗಿತ್ತು. ಆದರೆ ಕೇಳಿದಾಗಲೆಲ್ಲ ಮನಸ್ಸು ಚುಚ್ಚುತ್ತಿತ್ತು. ಕೊನೆಗೆ ಚಿಕ್ಕಮ್ಮನಿಗೇ ಕೇಳಿಸಿದೆ. ಅವರು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಪೂರ್ತಿ ಕೇಳಿದರು.

"ರಾಗ ನಿಮ್ದು ಅಂತ ವೇದಿಕೆ ಮೇಲೇ ಹೇಳ್ತೀನಿ, ಚಿಕ್ಕಮ್ಮ."

"ಬೇಡ."

"ಹೆಸರು ಬೇಡ್ವಾ?"

"ರಾಗಾನೇ ಕೊಡಲ್ಲ ಅಂದೆ. ನನ್ನ ಕೊಡೆ ತಗೊಂಡೆ, ಚಪ್ಪಲಿ ತಗೊಂಡೆ, ಬೀರುನೂ ತಗೊಂಡೆ. ಇದೊಂದು ನನ್ನ ಹತ್ರಾನೇ ಇರ್ಲಿ ಬಿಡೇ."

ವಿಷಯ ತಿಳಿದು ಗಡಿಬಿಡಿ ತಲೆ ಚಚ್ಚಿಕೊಂಡ. "ಎರಡು ಸ್ವರ ಆಕಡೆ ಈಕಡೆ ಮಾಡು. ಯಾರಪ್ಪಂಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ."

"ನಿಂದು ಯಾವಾಗ್ಲೂ ಅತಿ! ಜನ ಏನು ನಿನ್ನ ಪ್ರಾಮಾಣಿಕತೆ ಕೇಳೋಕೆ ಬರ್ತಾರಾ?"

ಅವನು ಹೇಳುವುದೇ ಸರಿಯೇನೋ ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಹೆದರಿ, ಮನಸ್ಸು ಬದಲಾಗುವ ಮೊದಲು ಗುನುಗನ್ನು ಅಳಿಸಿಬಿಟ್ಟೆ. ಹಾಡಿನ ನಡುಭಾಗ ಹಲ್ಲು ಬಿದ್ದ ಬಾಯಿಯಂತಾಯಿತು. ಕೀಬೋರ್ಡ್ ನುಡಿಸಿ ನೋಡಿದೆ. ಬ್ಯಾಂಕಿಗೆ ಫೋನು ಮಾಡಿದಾಗ ಕಾಯಿಸುತ್ತಾರಲ್ಲ, ಆ ಸಂಗೀತದಂತಿತ್ತು. ಗಿಟಾರಿಗೂ ಒಲಿಯಲಿಲ್ಲ. ಗಡಿಬಿಡಿ ಡ್ರಮ್ ತಟ್ಟುತ್ತ ತಾನೇ ಏನೋ ಹಾಡಿ ನೋಡಿದ.

"ಹಂಗಲ್ಲ ಕಣೋ, ಇಲ್ಲಿ ಮೇಲಕ್ಕೆ ಏರ್ಬೇಕು, ಹಿಂಗೆ..." ಎಂದು ಹೊಸದೊಂದು ರಾಗವನ್ನು ಹಾಡಿ ತೋರಿಸಿದೆ.

ಗಡಿಬಿಡಿಯ ಕೈ ನಿಂತಿತು. "ಇನ್ನೊಂದ್ಸಲ ಹಾಡು."

"ಇದು ಬರೀ ಗುರುತಿಗೆ."

"ಗುರುತಿಗೇ ಹಿಂಗೆ ಹಾಡೋಳು ಇಷ್ಟು ದಿನ ನನ್ನ ಗಂಟಲು ಯಾಕೆ ಹರಿಸಿದೆ?"

ನನಗೆ ಬೇರೆಯದೇ ಭಯ. ಚಿಕ್ಕಮ್ಮನ ರಾಗವನ್ನೇ ಗೊತ್ತಿಲ್ಲದೆ ತಿರುಗಿಸಿ ಹಾಡಿದೆನೇ? ಅವರ ಮುಂದೆ ನಿಂತು ಹಾಡಿದೆ. ಅವರು ಅಂಗಿಯ ಕಾಲರು ಮಡಚುತ್ತ ಕೇಳಿದರು.

"ನಂದಲ್ಲ. ನಂದಾಗಿದ್ರೆ ಇಷ್ಟು ಜೋರಾಗಿ ಕಿರುಚ್ತಿರ್ಲಿಲ್ಲ." ಆಮೇಲೆ ತಲೆಯೆತ್ತಿದರು. "ಚೆನ್ನಾಗಿದೆ ಹೋಗೇ."

ಶನಿವಾರ ಸಭಾಂಗಣ ತುಂಬಿತ್ತು. ನಡುಭಾಗ ಬಂತು. ಗಡಿಬಿಡಿ ಕೋಲುಗಳನ್ನು ಎತ್ತಿ ಹಿಡಿದು ನನಗಾಗಿ ಕಾದ. ಬಾಯಿ ತೆರೆದೆ. ಮೊದಲ ಸ್ವರ ನಡುಗಿತು. ಎರಡನೆಯದು ನಿಂತಿತು. ಮೂರನೆಯದು ಏರಿದ್ದೇ ಏರಿದ್ದು, ಹಿಂದಿನ ಗೋಡೆಗೆ ಬಡಿದು ನನ್ನ ಬಳಿಗೇ ವಾಪಸ್ಸು ಬಂತು. ಡ್ರಮ್ಮು ಗುಡುಗಿತು, ಮುಂದಿನ ಸಾಲಿನವರು ಎದ್ದರು, ಆಮೇಲೆ ಅವರ ಹಿಂದಿನವರು.

ಹಾಡು ಮುಗಿದರೂ ಚಪ್ಪಾಳೆ ಮುಗಿಯಲಿಲ್ಲ. ಒಬ್ಬೊಬ್ಬರಿಗೆ ಒಂದೇ ಹಾಡು ಎಂದು ವ್ಯವಸ್ಥಾಪಕರು ಕೈ ಬೀಸುತ್ತಲೇ ಇದ್ದರು.

"ನೀವು ಸುಮ್ನಿರ್ರೀ!" ಜನರ ನಡುವಿನಿಂದ ಚಿಕ್ಕಮ್ಮನ ದನಿ. "ಇನ್ನೊಂದ್ಸಲ ಹಾಡೇ!"

ವ್ಯವಸ್ಥಾಪಕರು ಬದಿಗೆ ಸರಿದರು. ನಾನು ಮೈಕಿಗೆ ಬಾಗಿದೆ.

"ಮಾತು, ರಾಗ, ದನಿ, ಎಲ್ಲಾ ನಮ್ದೇ," ಎಂದೆ. ಈ ಸಲ ನೇರ ನಡುಭಾಗದಿಂದಲೇ ಎತ್ತಿಕೊಂಡೆ.